ಒಂದೇ ದಿನ, 46 ಮಕ್ಕಳು, ವಿಜಯಪುರ: ಯಾವ್ದು ನೋಡೋದು ಯಾವ್ದು ಬಿಡೋದು?

ತುಮಕೂರು_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿ ಹೈಸ್ಕೂಲಲ್ಲಿ ಸಮಾಜ ವಿಜ್ಞಾನ ಪಾಠ ಮಾಡ್ತೀನಿ. ಡಿಸೆಂಬರಲ್ಲಿ 9ನೇ ಕ್ಲಾಸಿನ 46 ಮಕ್ಕಳನ್ನ ವಿಜಯಪುರಕ್ಕೆ ಕರ್ಕೊಂಡು ಹೋಗ್ಬೇಕು ಅಂತಿದೀವಿ, ನಾಲ್ಕು ಜನ ಟೀಚರ್ಸ್ ಇರ್ತೀವಿ. ರಾತ್ರಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತೋದು, ಬೆಳಿಗ್ಗೆ ಅಲ್ಲಿ ಇಳಿಯೋದು, ಸಂಜೆ ಅದೇ ಟ್ರೇನಲ್ಲಿ ವಾಪಸ್. ಅಂದ್ರೆ ಕೈಲಿರೋದು ಒಂದೇ ಹಗಲು.

ನನ್ನ ಚಿಂತೆ ಏನಂದ್ರೆ ಹೋದ ವರ್ಷ ಬೇರೆ ಕಡೆ ಹೋಗಿದ್ವಿ, ಒಂದೇ ದಿನದಲ್ಲಿ ಒಂಬತ್ತು ಜಾಗ. ಬಸ್ ಇಳಿ, ಸಾಲಾಗಿ ನಿಲ್ಲು, ಫೋಟೋ ತೆಗಿ, ಮತ್ತೆ ಹತ್ತು. ಬಂದ್ಮೇಲೆ ಪ್ರವಾಸದ ಬಗ್ಗೆ ಎರಡು ಪುಟ ಬರ್ಕೊಂಡು ಬನ್ನಿ ಅಂದ್ರೆ ಮುಕ್ಕಾಲು ಪಾಲು ಮಕ್ಕಳು ಬಸ್ಸಲ್ಲಿ ಹಾಡು ಹಾಕ್ಕೊಂಡು ಕುಣಿದಿದ್ದನ್ನೇ ಬರೆದಿದ್ರು, ಒಬ್ಬನಂತೂ ಎರಡು ದೇವಸ್ಥಾನ ಸೇರಿಸಿ ಒಂದೇ ಮಾಡಿಬಿಟ್ಟಿದ್ದ. ಮಕ್ಕಳದ್ದೇನೂ ತಪ್ಪಿಲ್ಲ ಇದ್ರಲ್ಲಿ, ಓಡಿಸಿದ್ದು ನಾವು. ಕೂಲಿ ಮಾಡೋ ಮನೆಗಳಿಂದ ಕೂಡಿಸಿ ಕೂಡಿಸಿ ದುಡ್ಡು ಕೊಡ್ತಾರೆ, ಅದಕ್ಕೇ ನಂಗೆ ತುಂಬ ಸಂಕಟ ಆಯ್ತು.

ಈಗ ಟೂರ್ ಮಾಡಿಸೋರು ಕೊಟ್ಟಿರೋ ಲಿಸ್ಟಲ್ಲಿ ಗೋಲಗುಂಬಜ್, ಮ್ಯೂಸಿಯಂ, ಜುಮ್ಮಾ ಮಸೀದಿ, ಅಸರ್ ಮಹಲ್, ಗಗನ್ ಮಹಲ್, ಬಾರಾ ಕಮಾನ್, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್, ತಾಜ್ ಬಾವಡಿ, ಇಬ್ರಾಹಿಂ ರೋಜಾ, ಶಿವಗಿರಿ, ಅದ್ರ ಮೇಲೆ ಆಲಮಟ್ಟಿ ಡ್ಯಾಂ ಬೇರೆ. ಶುಕ್ರವಾರ ಅಂತ ಇಟ್ಕೊಂಡಿದೀವಿ. ಇದ್ರಲ್ಲಿ ಏನ್ ಬಿಡ್ಬೇಕು ಹೇಳಿ ದಯವಿಟ್ಟು.

ಗುಮ್ಮಟದೂರಾಂವ

ಅಕ್ಕೋರ, ನಮಸ್ಕಾರ್ರಿ. ಮೊದಲ ಶುಕ್ರವಾರ ತಗೀರಿ. ಶುಕ್ರವಾರ ಮ್ಯೂಸಿಯಂ ಬಂದ್ ಇರ್ತದ, ಜುಮ್ಮಾ ಮಸೀದ್ಯಾಗ ಮಧ್ಯಾನ ನಮಾಜಿಗೆ ಮಂದಿ ಕೂಡಿರ್ತಾರ, ಅವರಿಗೂ ತ್ರಾಸ ನಿಮಗೂ ತ್ರಾಸ. ಶನಿವಾರ ಮಾಡ್ಕೋರಿ.

ಎರಡನೇದು, ಆಲಮಟ್ಟಿ ಕೈ ಬಿಡ್ರಿ. ಹೋಗಿ ಬರೂದಕ್ಕ ಅರ್ಧಾ ದಿನ ಹೊಕ್ಕತಿ. ಡ್ಯಾಂ ಎಲ್ಲೂ ಓಡಿ ಹೋಗೂದಿಲ್ಲ.

ಇನ್ನ ಗೋಲಗುಂಬಜ್. ಸ್ಟೇಷನ್ನಿಂದ ಭಾಳ ದೂರ ಏನಿಲ್ಲ, ಟ್ರೇನ್ ಊರ ಹತ್ರ ಬಂದಾಗ್ಲೇ ಗುಮ್ಮಟ ಕಾಣತದ. ಮುಂಜಾನಿ 6ಕ್ಕ ಗೇಟ್ ತಗೀತಾರ. ಮಂದಿ ಬರೂದ್ರಾಗ ಮ್ಯಾಲ ಹತ್ತಿಬಿಡ್ರಿ. ನಾನು ಸಣ್ಣಾಂವಿದ್ದಾಗಿಂದ ನೋಡ್ಕೋತ ಬಂದೀನಿ, ದೂರದೂರಿಂದ ಬರೂ ಹುಡುಗ್ರು ಮ್ಯಾಲ ಹೋಗಿ ಒಮ್ಮೆಲೆ ನೂರು ಮಂದಿ ಚೀರತಾರ. ಆಗ ಬರೇ ಗದ್ದಲ ಬಿಟ್ರ ಏನೂ ಕೇಳಂಗಿಲ್ಲ. ಗೋಲಗುಂಬಜದಾಗ ಒದರೂದು ಅಲ್ರಿ, ಕೇಳೂದು. ಒಬ್ಬರು ಗ್ವಾಡಿಗೆ ಬಾಯಿ ಹಚ್ಚಿ ಪಿಸು ಅಂದ್ರ ಎದುರಿನ ಬಾಜೂಕ ಕುಂತವರಿಗೆ ಕಿವ್ಯಾಗ ಹೇಳಿದಂಗ ಕೇಳತದ. ಕಾಗದ ಹರದ್ರೂ ಕೇಳತದ. ಆದ್ರ ಅದಕ್ಕ ಉಳಿದವರೆಲ್ಲಾ ಸುಮ್ಮ ಇರಬೇಕು.

46 ಮಂದೀನ ಒಮ್ಮೆ ಕರ್ಕೊಂಡು ಹೋಗ್ಬ್ಯಾಡ್ರಿ. ಮೆಟ್ಟಲಾ ಇಕ್ಕಟ್ಟ ಅದಾವ, ಸುತ್ತಿ ಸುತ್ತಿ ಏರಬೇಕು, ಕೆಲವು ಕಡೆ ಕತ್ತಲಿ. ಮೂಲ್ಯಾಗಿನ ಮಿನಾರ ಏಳು ಅಂತಸ್ತಿಂದು. ಮೂರು ಗುಂಪು ಮಾಡ್ರಿ.

ಮಲೆನಾಡ_ಮಳೆ

ಫಾಲೋ ಮಾಡ್ತಿದೀನಿ. ನಮ್ ಶಾಲೇದೂ ಜನವರಿಗೆ ಇದೆ.

ಸೈನ್ಸ್_ಮಿಸ್

ಟೀಚರ್, 9ನೇ ಕ್ಲಾಸ್ ಅಂದ್ರಲ್ಲ, ಅವ್ರ ವಿಜ್ಞಾನ ಪುಸ್ತಕದಲ್ಲಿ ಶಬ್ದದ ಪಾಠ ಇದೆ. ಪ್ರತಿಧ್ವನಿ ಬೇರೆಯಾಗಿ ಕೇಳಿಸ್ಬೇಕು ಅಂದ್ರೆ ಮೂಲ ಶಬ್ದಕ್ಕೂ ವಾಪಸ್ ಬರೋ ಶಬ್ದಕ್ಕೂ 0.1 ಸೆಕೆಂಡಾದ್ರೂ ಅಂತರ ಬೇಕು. ಗುಮ್ಮಟದ ಒಳಗಿನ ವ್ಯಾಸ ಹತ್ತಿರ ಹತ್ತಿರ 38 ಮೀಟರ್. ಎದುರು ಗೋಡೆಗೆ ಹೋಗಿ ಬರೋಕೆ 76 ಮೀಟರ್, ಶಬ್ದ ಸೆಕೆಂಡಿಗೆ 340 ಮೀಟರ್ ಹೋಗತ್ತೆ ಅಂತ ಇಟ್ಕೊಂಡ್ರೆ ಸುಮಾರು 0.22 ಸೆಕೆಂಡ್. ಅದಕ್ಕೇ ಒಂದು ಚಪ್ಪಾಳೆ ಬಿಡಿಬಿಡಿಯಾಗಿ ಮತ್ತೆ ಮತ್ತೆ ಕೇಳಿಸೋದು.

ಪಿಸುಮಾತಿನ ಲೆಕ್ಕ ಬೇರೆ. ಅದು ನಡು ಬಯಲಲ್ಲಿ ಹಾದು ಹೋಗಲ್ಲ, ಗುಂಡಗಿನ ಗೋಡೆಗೆ ಅಂಟಿಕೊಂಡ ಹಾಗೆ ಜಾರ್ತಾ ಜಾರ್ತಾ ಸುತ್ತಿಕೊಂಡು ಹೋಗತ್ತೆ, ಅರ್ಧ ಸುತ್ತು ಅಂದ್ರೆ ಸುಮಾರು 60 ಮೀಟರ್. ಬಯಲಲ್ಲಿ 60 ಮೀಟರ್ ದೂರ ನಿಂತು ಪಿಸುಗುಟ್ಟಿದ್ರೆ ಯಾರಿಗೆ ಕೇಳತ್ತೆ ಹೇಳಿ. ಈ ಲೆಕ್ಕಾನ ಹೋಗೋ ಮುಂಚೆ ಬೋರ್ಡ್ ಮೇಲೆ ಮಾಡಿಸಿ, ಶಾಲೆ ಫೀಲ್ಡಲ್ಲಿ ಟೇಪ್ ಹಿಡಿದು 60 ಮೀಟರ್ ಅಳೆದು ಇಬ್ಬರನ್ನ ನಿಲ್ಲಿಸಿ ಪಿಸುಗುಟ್ಟಿಸಿ. ಕೇಳಲ್ಲ. ಆಮೇಲೆ ಅಲ್ಲಿ ಕೇಳಿಸಿದಾಗ ಅವ್ರ ಮುಖ ನೋಡಿ.

ಗಣಿತಕ್ಕೂ ಇದೆ. ಚೌಕದ ಕಟ್ಟಡದ ಮೇಲೆ ಗುಂಡಗಿನ ಗುಮ್ಮಟ ಕೂರ್ಸೋದು ಹೇಗೆ? ಒಂದು ಚೌಕದ ಮೇಲೆ ಇನ್ನೊಂದು ಚೌಕ ಓರೆ ಮಾಡಿ ಇಡಿ, ಎಂಟು ಮೂಲೆ ಬರತ್ತೆ. ಆ ಗೆರೆಗಳ ಮೇಲೆ ಎಂಟು ಕಮಾನು ಒಂದನ್ನೊಂದು ಕತ್ತರಿಸಿಕೊಂಡು ಎದ್ದು ಮೇಲೆ ಹೋಗ್ತಾ ವೃತ್ತ ಆಗುತ್ತೆ. ಹಾಲಲ್ಲಿ ನಿಂತು ಕತ್ತೆತ್ತಿ ನೋಡಿದ್ರೆ ನಕ್ಷತ್ರದ ಥರ ಕಾಣತ್ತೆ. 44 ಮೀಟರ್ ಹೊರ ವ್ಯಾಸದ ಗುಮ್ಮಟ, ಅದ್ರ ಕೆಳಗೆ ಒಂದು ಕಂಬಾನೂ ಇಲ್ಲ. ಮಕ್ಕಳಿಗೆ ಕಾಗದ ಪೆನ್ಸಿಲ್ ಕೊಟ್ಟು ಅಲ್ಲೇ ಕೂರಿಸಿ ಬರೆಸಿ.

ತುಮಕೂರು_ಟೀಚರ್

ಸೈನ್ಸ್ ಮಿಸ್, ತುಂಬಾ ಥ್ಯಾಂಕ್ಸ್, ನಮ್ ವಿಜ್ಞಾನದ ಸರ್‌ಗೆ ಓದಿ ಹೇಳ್ದೆ, ನಾಳೇನೇ ಫೀಲ್ಡಲ್ಲಿ ಅಳೆಸ್ತೀನಿ ಅಂದ್ರು. ಶನಿವಾರಕ್ಕೆ ಬದಲಾಯಿಸಿದ್ವಿ ಅಣ್ಣ.

ಇನ್ನೊಂದು ಮಾತು. ನಮ್ ಕ್ಲಾಸಲ್ಲಿ ಒಬ್ಬ ಹುಡುಗ ಊರುಗೋಲು ಹಿಡಿದು ನಡೀತಾನೆ. ಏಳು ಅಂತಸ್ತು ಹತ್ತೋಕೆ ಅವ್ನಿಗೆ ಆಗಲ್ಲ. ಕಳೆದ ಸಲ ಅವ್ನು ಅರ್ಧ ದಿನ ಬಸ್ಸಲ್ಲೇ ಕೂತಿದ್ದ. ಈ ಸಲ ಹಾಗೆ ಆಗ್ಬಾರ್ದು.

ಗುಮ್ಮಟದೂರಾಂವ

ಆಗೂದಿಲ್ಲ ಬಿಡ್ರಿ ಅಕ್ಕೋರ. ಕೆಳಗಿನ ಹಾಲೇ ಒಂದು ಲೋಕ ಅದ. ಮಹಮ್ಮದ್ ಆದಿಲ್ ಶಾಹನ ಗೋರಿ, ಅವನ ಮನೀ ಮಂದಿ ಗೋರಿ ನಡುವಿನ ಕಟ್ಟಿ ಮ್ಯಾಲ ಅದಾವ, ಖರೇ ಗೋರಿಗೋಳು ಅದರ ತಳಗ ನೆಲಮಾಳಿಗ್ಯಾಗ. ಅವ 1627ರಿಂದ 1656ರತನ ಆಳಿದಾಂವ. ಕೆಳಗ ನಿಂತು ಚಪ್ಪಾಳಿ ತಟ್ಟಿದ್ರೂ ದನಿ ಮ್ಯಾಲ ಹೋಗಿ ತಿರಗಿ ಬರತದ. ಅವನ್ನ ಕೆಳಗ ಕುಂದರಿಸ್ರಿ, ಉಳದವರು ಮ್ಯಾಲ ನಿಂತು ಅವ ಏನ್ ಮಾಡಿದ ಅಂತ ಕೇಳಿ ಬರ್ಕೋಬೇಕು. ಮುಂದ ನಗಾರಖಾನೆಯೊಳಗಿನ ಮ್ಯೂಸಿಯಂ 1892ರಾಗ ಸುರುವಾಗಿದ್ದು, ಅಲ್ಲಿ ಶಾಸನದ ಕಲ್ಲು, ಮೂರ್ತಿ, ಹಸ್ತಪ್ರತಿ, ಹಳೇ ಆಯುಧ ಎಲ್ಲಾ ಅದಾವ, ಆರಾಮ ನೋಡಬಹುದು.

ದಖನಿ_ಓದುಗ

ಎರಡೇ ಜಾಗ ನೋಡೋಕೆ ಟೈಮಿದೆ ಅಂದ್ರೆ ಎರಡನೇದು ಇಬ್ರಾಹಿಂ ರೋಜಾ, ಅಂದ್ರೆ ಎರಡನೇ ಇಬ್ರಾಹಿಂ ಆದಿಲ್ ಶಾಹನ ಗೋರಿ, ಆಗ್ಲೇಬೇಕು, ಇದ್ರಲ್ಲಿ ನಂಗೆ ಎರಡು ಮಾತಿಲ್ಲ. ಗೋಲಗುಂಬಜ್ ದೊಡ್ಡದು, ಇದು ಚೆಂದದ್ದು. ಕಲ್ಲಿನ ಜಾಲಂದ್ರಗಳಲ್ಲಿ ಅಕ್ಷರಗಳನ್ನೇ ಕೊರೆದು ಕಿಟಕಿ ಮಾಡಿದಾರೆ, ಬೆಳಕು ಒಳಗೆ ಬರೋದೇ ಅಕ್ಷರದ ಸಂದಿಯಿಂದ. ಗೋರಿ ಇರೋ ಕೋಣೆಯ ಚಾವಣಿ ನಡುವಿನಲ್ಲಿ ಚಪ್ಪಟೆ, ಕಲ್ಲಿಗೆ ಕಲ್ಲು ಸೇರಿಸಿದ್ದು, ಕೆಳಗೆ ಆಧಾರಕ್ಕೆ ಕಂಬ ಇಲ್ಲ, ಸುಮಾರು 400 ವರ್ಷದಿಂದ ಹಾಗೇ ನಿಂತಿದೆ. ಒಂದೇ ಕಟ್ಟೆ ಮೇಲೆ ಈ ಕಡೆ ರೋಜಾ, ಆ ಕಡೆ ಮಸೀದಿ, ನಡುವೆ ಕೊಳ. ಕಟ್ಟಿಸಿದ ಮಲಿಕ್ ಸಂದಲ್ ಹೆಸರು ಅಲ್ಲಿನ ಬರಹದಲ್ಲೇ ಇದೆ. ಕಟ್ಟಿದವರ ಹೆಸರು ಉಳಿಯೋದು ನಮ್ಮಲ್ಲಿ ಅಪರೂಪ, ಮಕ್ಕಳಿಗೆ ಇದನ್ನ ಹೇಳಿ.

ಎರಡನೇ ಇಬ್ರಾಹಿಂ ಆದಿಲ್ ಶಾಹ 1580ರಲ್ಲಿ ಪಟ್ಟಕ್ಕೆ ಬಂದಾಗ ನಿಮ್ಮ ಮಕ್ಕಳಿಗಿಂತ ಚಿಕ್ಕವನು, ಒಂಬತ್ತು ಹತ್ತು ವರ್ಷ. ಅವನ ದೊಡ್ಡಮ್ಮ ಚಾಂದ್ ಬೀಬಿ ರಾಜ್ಯ ನೋಡ್ಕೊಂಡ್ಳು. ದೊಡ್ಡವನಾದ್ಮೇಲೆ ದಖನಿ ಭಾಷೆಯಲ್ಲಿ ಹಾಡುಗಳನ್ನ ಬರೆದ, 'ಕಿತಾಬ್-ಎ-ನವರಸ್' ಅಂತ, ಅದರಲ್ಲಿ ಸರಸ್ವತಿ ಸ್ತುತಿ ಇದೆ, ಗಣಪತಿ ಇದಾನೆ. ಜನ ಅವನನ್ನ ಜಗದ್ಗುರು ಬಾದಶಹ ಅಂತ ಕರೆದ್ರು. ಯುದ್ಧಗಳ ಇಸವಿ ಬಾಯಿಪಾಠ ಮಾಡಿಸೋ ನಾವು ಇದನ್ನ ಯಾಕೆ ಹೇಳಲ್ಲ ಅಂತ ನಂಗೆ ಬೇಜಾರು. ರೋಜಾ ಮೆಟ್ಟಿಲ ಮೇಲೆ ಮಕ್ಕಳನ್ನ ಕೂರಿಸಿ ಹತ್ತು ನಿಮಿಷ ಇದನ್ನ ಹೇಳಿ ಟೀಚರ್.

ಬಾಗಲಕೋಟಿ_ಹುಡುಗಿ

ಮಲಿಕ್-ಎ-ಮೈದಾನ್ ಬಿಡಬ್ಯಾಡ್ರಿ ಪ್ಲೀಸ್! ರೋಜಾದ ಕಡೇನೇ ಅದ, ಶೆರ್ಜಾ ಬುರುಜಿನ ಮ್ಯಾಲ, 15 ನಿಮಿಷದಾಗ ಆಗ್ತದ. 55 ಟನ್ ತೂಕದ ತೋಪು, 1549ರಾಗ ಅಹ್ಮದನಗರದಾಗ ಎರಕ ಹೊಯ್ದಿದ್ದು. ಬಾಯಿ ಕಡೆ ನೋಡಿದ್ರ ಸಿಂಹ ಬಾಯಿ ತಗದು ಹಲ್ಲಾಗ ಆನೀನ ಅಗಿಯಾಕತ್ತದ. ಇದನ್ನ 1854ರಾಗ 150 ರೂಪಾಯಿಗೆ ಹರಾಜ ಹಾಕಿದ್ರಂತ, ಆಮೇಲೆ ಅದು ರದ್ದಾತು, ಅದಕ್ಕ ಇವತ್ತು ನಮಗ ನೋಡಾಕ ಉಳದದ. ನಮ್ಮನ್ನ 8ನೇತ್ಯಾಗ ಕರ್ಕೊಂಡು ಹೋಗಿದ್ರು, ಅವತ್ತ ನೋಡಿದ್ರಾಗ ನನಗ ಇನ್ನೂ ಕಣ್ಣಿಗೆ ಕಟ್ಟಿದಂಗ ಇರೂದು ಆ ಆನೀನೇ.

ಮಲೆನಾಡ_ಮಳೆ

ಸಾಠ್ ಕಬರ್ ಅಂತಾನೂ ಒಂದಿದೆಯಲ್ಲ, ಅಫ್ಜಲ್ ಖಾನ್ ಶಿವಾಜಿ ಮೇಲೆ ಹೋಗೋ ಮುಂಚೆ ಹೆಂಡ್ತಿಯರನ್ನೆಲ್ಲ ಸಾಯ್ಸಿದ ಅಂತ ಹೇಳ್ತಾರಲ್ಲ ಅದು. ಅಲ್ಲಿಗೆ ಕರ್ಕೊಂಡು ಹೋಗ್ಬಹುದಾ?

ದಖನಿ_ಓದುಗ

ನಾನಂತೂ ಬೇಡ ಅಂತೀನಿ. ಅಲ್ಲಿ ಸಾಲು ಸಾಲು ಗೋರಿಗಳಿರೋದು ನಿಜ, ಆ ಕಥೆ ಜನರ ಬಾಯಲ್ಲಿ ಬಂದಿದ್ದು. ಗೋಲಗುಂಬಜಲ್ಲೂ ಅಷ್ಟೇ, ಸುಲ್ತಾನನ ಪ್ರೇಯಸಿ ರಂಭಾ ಮೇಲಿಂದ ಹಾರಿದ್ಳು ಅಂತ ಹೇಳ್ತಾರೆ. ಕಥೆ ಹೇಳೋರ ಬಾಯಿ ಮುಚ್ಚಿಸ್ಬೇಕು ಅಂತಲ್ಲ, ಕಥೆಗೂ ಒಂದು ಬೆಲೆ ಇದೆ. ಆದ್ರೆ ಮಕ್ಕಳು ಎರಡನ್ನೂ ಒಂದೇ ನೋಟ್‌ಬುಕ್ಕಲ್ಲಿ ಒಂದೇ ಥರ ಬರ್ಕೋತಾರೆ. 'ಕಲ್ಲಲ್ಲಿ ಬರೆದಿರೋದು' ಅಂತ ಒಂದು ಪುಟ, 'ಜನ ಹೇಳೋದು' ಅಂತ ಇನ್ನೊಂದು ಪುಟ ಮಾಡಿಸಿ. ಗೈಡ್ ಹೇಳಿದ್ದು ಯಾವ ಪುಟಕ್ಕೆ ಹೋಗತ್ತೆ ಅಂತ ಅವರೇ ತೀರ್ಮಾನ ಮಾಡ್ಲಿ.

ನೀರಿನ_ದಾರಿ

ನನ್ನದೊಂದು ಬೇಡಿಕೆ. ಎಲ್ಲರೂ ಗುಮ್ಮಟ ಗುಮ್ಮಟ ಅಂತಿದೀರಿ, ಈ ಊರಲ್ಲಿ ಹೊಳೆ ಇಲ್ಲ ಅನ್ನೋದನ್ನ ಮಕ್ಕಳಿಗೆ ಯಾರು ಹೇಳ್ತಾರೆ? ಒಣ ಬಯಲಿನ ಮೇಲೆ ಒಂದು ರಾಜಧಾನಿ, ಅಷ್ಟು ಜನ, ಕುದುರೆ, ಆನೆ, ತೋಟ. ನೀರು ಎಲ್ಲಿಂದ ಬಂತು? ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ತಂದ್ರು, ಕರೇಜ್ ಅಂತಾರೆ, ಇರಾನಿನ ಕಡೆಯಿಂದ ಬಂದ ಪದ್ಧತಿ. ಬೇಗಂ ತಲಾಬ್ ಅನ್ನೋ ಕೆರೆಯಿಂದ ಮಣ್ಣಿನ ಕೊಳವೆಯಲ್ಲಿ ನೀರು ಬರ್ತಿತ್ತು, ದಾರೀಲಿ ಒತ್ತಡ ಜಾಸ್ತಿ ಆಗಿ ಕೊಳವೆ ಒಡೀಬಾರದು ಅಂತ ಅಲ್ಲಲ್ಲಿ ಕಲ್ಲಿನ ಗೋಪುರ ಕಟ್ಟಿದ್ರು, ಅವನ್ನ ಗಂಜ್ ಅಂತ ಕರೀತಾರೆ, ಈಗ್ಲೂ ಊರಲ್ಲಿ ಕೆಲವು ನಿಂತಿವೆ, ಪಕ್ಕದಲ್ಲೇ ಗಾಡಿ ನಿಲ್ಲಿಸಿ ಹೋಗೋರಿಗೂ ಅದೇನು ಅಂತ ಗೊತ್ತಿರಲ್ಲ.

ತಾಜ್ ಬಾವಡಿ ತೋರಿಸಿ. 1620ರದ್ದು, ರಾಣಿ ತಾಜ್ ಸುಲ್ತಾನಾ ಹೆಸರಲ್ಲಿ ಕಟ್ಟಿದ್ದು. ದೊಡ್ಡ ಕಮಾನು ದಾಟಿ ಮುಂದೆ ಹೋದ್ರೆ ಕೆಳಗೆ ಕೆರೆಯಷ್ಟು ಬಾವಿ. ಎಷ್ಟೋ ವರ್ಷ ಕಸ ತುಂಬಿ ನಾರ್ತಿತ್ತು, ಆಮೇಲೆ ಹೂಳೆತ್ತಿ ಸ್ವಚ್ಛ ಮಾಡಿದ್ರು. ನಿಮ್ಮದೂ ತುಮಕೂರು ಜಿಲ್ಲೆ, ಬೋರ್‌ವೆಲ್ ಬತ್ತೋ ಸೀಮೆ, ಮಕ್ಕಳಿಗೆ ನೀರಿನ ಮಾತು ಬೇಗ ಅರ್ಥ ಆಗತ್ತೆ.

ತುಮಕೂರು_ಟೀಚರ್

ನೀರಿನ ದಾರಿಯವರೇ, ಇದನ್ನ ಓದಿ ಸುಮ್ನೆ ಕೂತ್ಬಿಟ್ಟೆ ಸ್ವಲ್ಪ ಹೊತ್ತು. ನಮ್ ಮಕ್ಕಳಲ್ಲಿ ಅರ್ಧ ಜನ ಬೆಳಿಗ್ಗೆ ನೀರು ಹೊತ್ತು ಹಾಕಿ ಶಾಲೆಗೆ ಬರೋರು. ತಾಜ್ ಬಾವಡಿ ಸೇರಿಸ್ತೀನಿ.

ಈಗ ಲಿಸ್ಟು: ಗೋಲಗುಂಬಜ್ ಮತ್ತೆ ಮ್ಯೂಸಿಯಂ, ತಾಜ್ ಬಾವಡಿ, ಇಬ್ರಾಹಿಂ ರೋಜಾ, ತೋಪು. ಮಿಕ್ಕಿದ್ದೆಲ್ಲ ಬಸ್ ಕಿಟಕಿಯಿಂದ. ಹೆಡ್‌ಮಾಸ್ಟರ್ 'ಇಷ್ಟು ದೂರ ಹೋಗಿ ನಾಲ್ಕೇನಾ' ಅಂದ್ರು, ಹೋದ ವರ್ಷದ ಪ್ರಬಂಧಗಳನ್ನ ತಂದು ಟೇಬಲ್ ಮೇಲಿಟ್ಟೆ, ಒಪ್ಕೊಂಡ್ರು. ಊಟಕ್ಕೆ ಏನ್ ಮಾಡೋದು? ನಮ್ಮೋರು ಮುದ್ದೆ ಅನ್ನದ ಮಕ್ಕಳು.

ಬಾಗಲಕೋಟಿ_ಹುಡುಗಿ

ಖಾನಾವಳ್ಯಾಗ ಮೊದಲೇ ಫೋನ್ ಮಾಡಿ ಹೇಳ್ರಿ 50 ಮಂದಿ ಬರ್ತೀವಂತ. ಜೋಳದ ರೊಟ್ಟಿ, ಎಣಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು, ಕಡೀಕ ಅನ್ನ ಸಾರು. ಹಿಂಡಿ ಖಾರ ಇರ್ತದ, ಮೊಸರ ಕಲಸ್ಕೊಂಡು ತಿನ್ನಾಕ ಹೇಳ್ರಿ. ಮುದ್ದಿ ತಿನ್ನೂ ಹುಡುಗ್ರಿಗೆ ರೊಟ್ಟಿ ಹಿಡಿಸ್ತದ ತಗೋರಿ. ಹೊಳ್ಳಿ ಟ್ರೇನ್ ಹತ್ತೂ ಮುಂದ ಮಿರ್ಚಿ ಚುರಮುರಿ ಕೊಡಸ್ರಿ.

ಮತ್ತ ಹೆಣ್ಣು ಹುಡುಗ್ಯಾರು ಇದ್ರ ಗೋಲಗುಂಬಜ್ ಆವಾರದಾಗೇ ಎಲ್ಲಾರೂ ಟಾಯ್ಲೆಟ್ಟಿಗೆ ಹೋಗಿ ಬರ್ಲಿ, ಮುಂದ ಎಲ್ಲಾ ಕಡೆ ಸಿಗೂದಿಲ್ಲ. ಯಾರೂ ನಾಚ್ಕೊಂಡು ನೀರು ಕುಡೀದೆ ಇರಬಾರ್ದು, ನಾವು ಹಂಗ ಮಾಡಿ ಒಬ್ಬಾಕಿ ತಲಿ ತಿರಗಿ ಬಿದ್ದಿದ್ಳು.

ಗುಮ್ಮಟದೂರಾಂವ

ಗ್ವಾಡಿ ಮ್ಯಾಲ ಹೆಸರ ಕೆತ್ತೂದ್ರ ಬಗ್ಗೆ ಮೊದಲೇ ಹೇಳಿ ಕರ್ಕೊಂಡು ಬರ್ರಿ. ಕಾನೂನಿನ ಪ್ರಕಾರ 2 ವರ್ಷದತನ ಜೈಲು, 1 ಲಕ್ಷದತನ ದಂಡ ಅದ. ಅದಕ್ಕಿಂತ, ಗುಮ್ಮಟದೊಳಗ ಹೆಸರ ನೋಡಿದಾಗೊಮ್ಮೆ ನಮಗ ಹೊಟ್ಟ್ಯಾಗ ಸಂಕಟ ಆಗ್ತದ. 15 ವರ್ಷದೊಳಗಿನವರಿಗೆ ಟಿಕೆಟ್ ಇಲ್ಲ, ಶಾಲೆಯಿಂದ ವಯಸ್ಸಿನ ಲಿಸ್ಟ್ ಸಹಿ ಸಿಕ್ಕಾ ಹಾಕಿ ತಂದಿಟ್ಕೋರಿ.

ತುಮಕೂರು_ಟೀಚರ್

ಶನಿವಾರ ಬೆಳಿಗ್ಗೆ. ಎಲ್ರೂ ಎದ್ದಿದೀರಾ? ಟ್ರೇನ್ ಎರಡು ಗಂಟೆ ಲೇಟು, ಇನ್ನೂ ಬಾಗಲಕೋಟೆ ಹತ್ರ ಇದೀವಿ. 6 ಗಂಟೆ ಪ್ಲಾನ್ ಹೋಯ್ತು. ಏನ್ ಮಾಡ್ಲಿ?

ಗುಮ್ಮಟದೂರಾಂವ

ಗಾಬರಿ ಆಗ್ಬ್ಯಾಡ್ರಿ. ಉಲ್ಟಾ ಮಾಡ್ರಿ. ಇಳಿದ ಕೂಡ್ಲೆ ನಾಷ್ಟಾ ಮಾಡಿ ಸೀದಾ ಇಬ್ರಾಹಿಂ ರೋಜಾಕ್ಕ ಹೋಗ್ರಿ, ಅದು ಊರಿನ ಆ ತುದಿ. ಮುಂದ ತಾಜ್ ಬಾವಡಿ, ತೋಪು. 12ರ ಒಳಗ ಊಟಾ ಮುಗಿಸಿ 1 ಗಂಟೆಕ್ಕ ಗೋಲಗುಂಬಜ್ ಮ್ಯಾಲ ಇರ್ರಿ. ಆ ಹೊತ್ತಿಗೆ ಉಳಿದ ಶಾಲೀ ಮಂದಿ ಉಣ್ಣಾಕ ಹೊಂಟಿರ್ತಾರ. ಡಿಸೆಂಬರ್ ಅದ, ಬಿಸಲಿಗೆ ಅಂಜೂದು ಬ್ಯಾಡ.

ತುಮಕೂರು_ಟೀಚರ್

ಭಾನುವಾರ ಬೆಳಿಗ್ಗೆ ಊರು ಮುಟ್ಟಿದ್ವಿ, ನಿದ್ದೆ ಮಾಡಿ ಎದ್ದು ಬರೀತಿದೀನಿ, ಉದ್ದ ಆದ್ರೆ ಕ್ಷಮಿಸಿ.

ಅಣ್ಣ ಹೇಳಿದ ಹಾಗೇ ಮಾಡಿದ್ವಿ. ರೋಜಾದಲ್ಲಿ ಎರಡು ಗಂಟೆ ಇದ್ವಿ. ಗೈಡ್ ಮಾಡ್ಲಿಲ್ಲ, ನಾನೇ ಮೆಟ್ಟಿಲ ಮೇಲೆ ಕೂರಿಸಿ ಇಬ್ರಾಹಿಂ ಕಥೆ ಹೇಳ್ದೆ. ಒಂಬತ್ತು ವರ್ಷಕ್ಕೆ ರಾಜ ಅಂದಾಗ ಒಬ್ಳು 'ಮಿಸ್ ಅವ್ನಿಗೆ ಸ್ಕೂಲ್ ಇರ್ಲಿಲ್ವಾ' ಅಂದ್ಳು. ಜಾಲಂದ್ರದ ಹತ್ರ ಮೂರು ಹುಡುಗ್ರು ನೆಲದ ಮೇಲೆ ಬಿದ್ದ ನೆರಳನ್ನೇ ಪೇಪರ್ ಇಟ್ಟು ಪೆನ್ಸಿಲಲ್ಲಿ ತಿದ್ಕೊಂಡ್ರು, ನಾನು ಹೇಳಿಕೊಟ್ಟಿದ್ದಲ್ಲ.

ತಾಜ್ ಬಾವಡೀಲಿ ಕಮಾನು ದಾಟಿ ನೀರು ಕಂಡಾಗ ಯಾರೂ ಮಾತಾಡ್ಲಿಲ್ಲ. ಆಮೇಲೆ ಒಬ್ಬ 'ಇದನ್ನ ಹ್ಯಾಗ್ ಮಿಸ್ ತೋಡಿದ್ರು, ಜೆಸಿಬಿ ಇರ್ಲಿಲ್ವಲ್ಲ' ಅಂದ. ಅಲ್ಲಿಂದ ಖಾನಾವಳಿವರೆಗೂ ಇದೇ ಮಾತು, ಎಷ್ಟು ಜನ ಬೇಕಾಗಿದ್ದೀತು, ಮಣ್ಣು ಎಲ್ಲಿ ಹಾಕಿದ್ರು, ಕೂಲಿ ಎಷ್ಟು ಕೊಟ್ರು. ಕೂಲಿ ಪ್ರಶ್ನೆಗೆ ನನ್ನತ್ರ ಉತ್ತರ ಇರ್ಲಿಲ್ಲ, ಬರ್ಕೊಂಡು ಬಂದಿದೀನಿ. ತೋಪಿನ ಹತ್ರ ಮಾತ್ರ ಸ್ವಲ್ಪ ಅವಸರ ಆಯ್ತು, ಆದ್ರೂ ಆನೆ ಎಲ್ರೂ ನೋಡಿದ್ರು. ಊಟಕ್ಕೆ ರೊಟ್ಟಿ ಲೆಕ್ಕಾನೇ ಇಟ್ಟಿಲ್ಲ, ಅಷ್ಟು ತಿಂದಿದಾರೆ.

ಗೋಲಗುಂಬಜ್ ಹತ್ತಿದಾಗ 1 ಗಂಟೆ ದಾಟಿತ್ತು. ಮೊದಲ್ನೇ ಗುಂಪು ಹೋದಾಗ ಬೇರೆ ಶಾಲೆ ಮಕ್ಕಳು ಕೂಗ್ತಾ ಇದ್ರು, ನಮ್ಮೋರು ಗೋಡೆಗೆ ಒರಗಿ ಕೂತು ಕಾದ್ರು. ಅವ್ರು ಇಳಿದು ಹೋದ್ಮೇಲೆ ಶಬ್ದ ಪೂರ್ತಿ ಆರೋಕೂ ಸ್ವಲ್ಪ ಹೊತ್ತು ಬೇಕಾಯ್ತು. ಆಮೇಲೆ ಕೆಳಗೆ ಹಾಲಲ್ಲಿ ಇದ್ದ ನಮ್ ಹುಡುಗ ಊರುಗೋಲನ್ನ ನೆಲಕ್ಕೆ ಒಂದ್ ಸಲ ಮೆತ್ತಗೆ ತಟ್ಟಿದ. ಅದನ್ನ ನಾವ್ಯಾರೂ ಹೇಳಿರ್ಲಿಲ್ಲ, ಚಪ್ಪಾಳೆ ತಟ್ಟು ಅಂತ ಹೇಳಿದ್ವಿ ಅಷ್ಟೇ. ಟಕ್, ಟಕ್, ಟಕ್ ಅಂತ ಗುಮ್ಮಟ ತುಂಬ ಬಂತು. ಮೇಲಿದ್ದ 15 ಮಕ್ಕಳು ಬೆರಳು ಮಡಚಿ ಎಣಿಸ್ತಿದ್ರು. ಒಬ್ಬರು ಏಳು ಅಂದ್ರು, ಒಬ್ಬರು ಒಂಬತ್ತು. ಮೂರು ಗುಂಪಿಗೂ ಅವ್ನೇ ತಟ್ಟಿದ. ಟ್ರೇನಲ್ಲಿ ಅವ್ನ ಸುತ್ತಾನೇ ಎಲ್ರೂ ಕೂತಿದ್ರು, ಏಳಾ ಒಂಬತ್ತಾ ಅಂತ ಜಗಳ, ಅರಸೀಕೆರೆ ಬರೋವರೆಗೂ.

ಸೈನ್ಸ್_ಮಿಸ್

ಓದಿ ಕಣ್ಣು ತುಂಬಿ ಬಂತು ಟೀಚರ್. ಏಳೋ ಒಂಬತ್ತೋ ಅನ್ನೋ ಜಗಳ ನಿಲ್ಲಿಸ್ಬೇಡಿ. ಯಾರು ಎಲ್ಲಿ ಕೂತಿದ್ರು ಅಂತ ನಕ್ಷೆ ಬರೆಸಿ, ಕೂತ ಜಾಗಕ್ಕೂ ಎಣಿಕೆಗೂ ಏನಾದ್ರೂ ಸಂಬಂಧ ಇದೆಯಾ ನೋಡ್ಲಿ.

ಗುಮ್ಮಟದೂರಾಂವ

ಅಕ್ಕೋರ, ನಾ ಇಲ್ಲೇ ಹುಟ್ಟಿ ಬೆಳದಾಂವ, ಊರುಗೋಲಿನ ದನಿ ಎಂದೂ ಕೇಳಿಲ್ಲ. ಇವತ್ತ ಸಂಜೀಕ ಹೋಗಿ ನಮ್ಮಪ್ಪನ ಬಡಿಗಿ ತಗೊಂಡು ತಟ್ಟಿ ನೋಡಿ ಬಂದೆ. ನನಗ ಎಂಟು ಕೇಳಿದ್ವು. ಹುಡುಗನಿಗೆ ಹೇಳ್ರಿ. ಮುಂದಿನ ಸಲ ಬಂದಾಗ ಗಂಜ್ ಗೋಪುರ, ಬೇಗಂ ತಲಾಬ್ ತೋರಿಸೂ ಕೆಲಸ ನಂದು, ಅವ್ಯಾವ್ದಕ್ಕೂ ಮೆಟ್ಟಲಾ ಹತ್ತೂದ ಬೇಕಾಗಿಲ್ಲ.